ಕರೆಂಟಿನ ಕಿರ್ದಿ

ಹುಬ್ಬಳ್ಳಿಯ ದುರ್ಗದ ಬೈಲು, ಜವಳಿ ಸಾಲಿನ ಹಳೆಯ ಅಂಗಡಿಗಳಲ್ಲಿ ಲೆಕ್ಕಕ್ಕೆ ಮುಖ್ಯವಾಗಿ ಎರಡು ಪುಸ್ತಕಗಳಿರುತ್ತಿದ್ದವು. ಒಂದು ಕಿರ್ದಿ. ಆ ದಿನ ಬಂದದ್ದೇನು, ಹೋದದ್ದೇನು, ಯಾರಿಂದ, ಯಾರಿಗೆ ಎಂಬುದನ್ನು ಆದ ಕ್ರಮದಲ್ಲಿಯೇ ಅದರಲ್ಲಿ ಬರೆಯುತ್ತಿದ್ದರು. ಇನ್ನೊಂದು ಖತಾವಣಿ. ಕಿರ್ದಿಯಲ್ಲಿದ್ದುದನ್ನು ಒಬ್ಬೊಬ್ಬರ ಹೆಸರಿಗೆ ಎತ್ತಿ ಬರೆದು, ಕೂಡಿ ಕಳೆದು, ಇಂಥವರದು ಇಷ್ಟು ಬಾಕಿ ಎಂದು ಹೇಳುವ ಪುಸ್ತಕ ಅದು. ಬಾಕಿಯ ಬಗ್ಗೆ ತಕರಾರು ಬಂದಾಗ ಖತಾವಣಿ ತೋರಿಸಿದರೆ ಯಾರೂ ಒಪ್ಪುತ್ತಿರಲಿಲ್ಲ. ಕಿರ್ದಿ ತೆಗೆಯಬೇಕಾಗುತ್ತಿತ್ತು. ಯಾವ ದಿನ, ಯಾವ ಮಾಲು, ಎಷ್ಟು ಎಂಬುದು ಇದ್ದದ್ದು ಅಲ್ಲಿ.

ನಮ್ಮ ಮನೆಗಳ ಗೋಡೆಯ ಮೇಲಿರುವ ವಿದ್ಯುತ್ ಮೀಟರು ಖತಾವಣಿಯ ಕೆಲಸವನ್ನಷ್ಟೇ ಮಾಡುತ್ತದೆ. ತಿಂಗಳಿಗೊಮ್ಮೆ ಅದರ ಅಂಕಿ ನೋಡಿ ಹಿಂದಿನದನ್ನು ಕಳೆದರೆ ಇಷ್ಟು ಯೂನಿಟ್ ಎಂಬ ಮೊತ್ತ ಸಿಗುತ್ತದೆ. ಆ ಮೊತ್ತದೊಳಗೆ ಫ್ರಿಜ್ಜಿನ ಪಾಲು ಎಷ್ಟು, ನೀರೆತ್ತುವ ಮೋಟಾರಿನದು ಎಷ್ಟು, ಯಾವ ರಾತ್ರಿ ಏನಾಯಿತು ಎಂಬುದು ಮನೆಯವರಿಗೆ ತಿಳಿಯುವುದಿಲ್ಲ. ವಿದ್ಯುತ್ತಿಗೂ ಒಂದು ಕಿರ್ದಿ ಬರೆಯಬಹುದೇ ಎಂಬ ಕುತೂಹಲದಿಂದ ನಾನು ಒಂದು ಸಣ್ಣ ಡಬ್ಬಿ ಮಾಡಿಕೊಂಡೆ. ತಂತಿಯಲ್ಲಿ ಎಷ್ಟು ಕರೆಂಟು ಹರಿಯುತ್ತಿದೆ ಎಂದು ತಿಳಿಯುವ ಒಂದು ಸೆನ್ಸರ್, ಅದನ್ನು ಸೆಕೆಂಡಿಗೊಮ್ಮೆ ಬರೆದಿಡುವ ಒಂದು ಡೇಟಾ ಲಾಗರ್. ಬಿಡಿಭಾಗಗಳೆಲ್ಲ ಅಂಗೈಯಲ್ಲಿ ಹಿಡಿಯುವಷ್ಟೇ. ಆದರೆ ಅವುಗಳಲ್ಲಿ ಒಂದೊಂದರ ಹಿಂದೆಯೂ ಇನ್ನೂರು ವರ್ಷಗಳ ಇತಿಹಾಸದ ಒಂದೊಂದು ತುಣುಕಿದೆ.

ಕುತೂಹಲ ಕೆಲಸವಾದದ್ದು ಮಾತ್ರ ನಮ್ಮ ಓಣಿಯ ಹಿಟ್ಟಿನ ಗಿರಣಿಯಿಂದ. ಅಲ್ಲಿಯ ಏಳೂವರೆ ಎಚ್‌ಪಿ ಮೋಟಾರು ಒಂದೇ ವರ್ಷದಲ್ಲಿ ಎರಡು ಸಲ ಸುಟ್ಟಿತು. ವೈಂಡಿಂಗ್ ಮಾಡಿದವರು ಎರಡೂ ಸಲ ‘ಓವರ್‌ಲೋಡ್’ ಎಂದರು. ಹಾಗೆಂದರೆ ಕಾಳು ಹಾಕುವ ಹುಡುಗ ಗಿರಣಿಯ ಬಾಯಿಗೆ ಒಮ್ಮೆಲೇ ಜೋಳ ಸುರಿದಿದ್ದಾನೆ ಎಂದೇ ಅರ್ಥ. ಎರಡನೇ ಸಲದ ಖರ್ಚಿನಲ್ಲಿ ಅರ್ಧವನ್ನು ಅವನ ಪಗಾರದಲ್ಲಿ ಮುರಿದುಕೊಳ್ಳುವ ಮಾತು ಬಂತು. “ನಾ ಹಂಗ ಹಾಕಿಲ್ರೀ ಮಾಲಕ್ರ,” ಎಂದಷ್ಟೇ ಅವನು ಹೇಳಿದ. ಅವನ ಮಾತಿಗೆ ಸಾಕ್ಷಿ ಇರಲಿಲ್ಲ. ಸ್ಟಾರ್ಟರಿನ ಪಕ್ಕದಲ್ಲಿ ಆಮ್ಮೀಟರು ಇತ್ತು. ಆದರೆ ಸುಟ್ಟ ಗಳಿಗೆಯಲ್ಲಿ ಅದರ ಮುಳ್ಳು ಎಲ್ಲಿತ್ತು ಎಂಬುದು ಈಗ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

ಕರೆಂಟಿಗೆ ಮುಳ್ಳು ಸಾಕ್ಷಿ ಹೇಳಲು ಶುರುವಾದದ್ದು 1820ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ. ಹಾನ್ಸ್ ಕ್ರಿಶ್ಚಿಯನ್ ಎರ್‌ಸ್ಟೆಡ್ ಎಂಬ ಪ್ರಾಧ್ಯಾಪಕರು ಬ್ಯಾಟರಿಗೆ ಜೋಡಿಸಿದ ತಂತಿಯ ಹತ್ತಿರ ದಿಕ್ಸೂಚಿ ಇಟ್ಟಾಗ ಮುಳ್ಳು ತಿರುಗಿತು. ಆ ವರ್ಷದ ಜುಲೈ 21ರಂದು ಅವರು ಲ್ಯಾಟಿನ್ ಭಾಷೆಯಲ್ಲಿ ಒಂದು ಚಿಕ್ಕ ಹೊತ್ತಗೆ ಅಚ್ಚು ಹಾಕಿಸಿ ಯುರೋಪಿನ ವಿದ್ವಾಂಸರಿಗೆಲ್ಲ ಕಳಿಸಿದರು. ಕೆಲವೇ ತಿಂಗಳಲ್ಲಿ ಜರ್ಮನಿಯ ಹಾಲೆ ನಗರದ ಯೋಹಾನ್ ಶ್ವೈಗರ್ ಅದಕ್ಕೆ ಒಂದು ಸರಳ ಉಪಾಯ ಸೇರಿಸಿದರು. ಒಂದೆಳೆ ತಂತಿ ಮುಳ್ಳನ್ನು ಸ್ವಲ್ಪ ತಿರುಗಿಸುತ್ತದೆ. ಅದೇ ತಂತಿಯನ್ನು ಮುಳ್ಳಿನ ಸುತ್ತ ನೂರು ಸುತ್ತು ಸುತ್ತಿದರೆ ಒಂದೊಂದು ಸುತ್ತೂ ತನ್ನ ಬಲ ಕೂಡಿಸುತ್ತದೆ. ಇದನ್ನು ‘ಮಲ್ಟಿಪ್ಲೈಯರ್’ ಎಂದು ಕರೆದರು. ಮುಂದೆ ಬಂದ ಗ್ಯಾಲ್ವನೋಮೀಟರುಗಳೆಲ್ಲ ಇದರ ಸಂತಾನ.

ಈ ಕಾಲದಲ್ಲಿ ಅಳತೆಯ ಉಪಕರಣಗಳನ್ನು ಅಂಗಡಿಗೆ ಹೋಗಿ ಕೊಳ್ಳುವ ಹಾಗಿರಲಿಲ್ಲ. ಬೇಕಾದವರು ತಾವೇ ಮಾಡಿಕೊಳ್ಳಬೇಕಿತ್ತು. ಓಮ್ ನಿಯಮದ ಗೇಯಾರ್ಗ್ ಓಮ್ ಕಲೋನ್ ನಗರದ ಶಾಲೆಯೊಂದರಲ್ಲಿ ಮಾಸ್ತರರು. ತಂದೆ ಬೀಗ ಮಾಡುವ ಕಸುಬಿನವರು. ಲೋಹದ ಕೆಲಸ ಓಮ್‌ರಿಗೆ ಮನೆಯಲ್ಲಿಯೇ ಸಿಕ್ಕ ವಿದ್ಯೆ. ಆಗಿನ ಬ್ಯಾಟರಿಗಳು ನೋಡನೋಡುತ್ತ ಸೊರಗುತ್ತಿದ್ದುದರಿಂದ ಅವರು ಬಿಸ್ಮತ್ ಮತ್ತು ತಾಮ್ರವನ್ನು ಜೋಡಿಸಿ, ಒಂದು ಕೂಡು ಕುದಿಯುವ ನೀರಿನಲ್ಲಿ, ಇನ್ನೊಂದು ಕೂಡು ಮಂಜುಗಡ್ಡೆಯಲ್ಲಿ ಇಟ್ಟು ಸ್ಥಿರವಾದ ಕರೆಂಟು ಪಡೆದರು. ಅಳೆಯಲು ತಾವೇ ತೂಗುಹಾಕಿದ ಮುಳ್ಳು. 1826ರಲ್ಲಿ ಫಲಿತಾಂಶ ಪ್ರಕಟಿಸಿದರು. 1827ರ ಪುಸ್ತಕಕ್ಕೆ ಸ್ವದೇಶದಲ್ಲಿ ಸಿಕ್ಕದ್ದು ತಣ್ಣನೆಯ ಸ್ವಾಗತ. ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ಕೊಟ್ಟದ್ದು 1841ರಲ್ಲಿ. ಇಂದು ಹತ್ತನೇ ಇಯತ್ತೆಯ ಹುಡುಗರು ಒಂದೇ ಸಾಲಿನಲ್ಲಿ ಬರೆಯುವ ಸೂತ್ರ ಮಾಸ್ತರರೊಬ್ಬರು ಸ್ವಂತ ಕೈಯಿಂದ ಮಾಡಿದ ಉಪಕರಣದಿಂದ ಬಂದದ್ದು.

ನನ್ನ ಸೆನ್ಸರಿನ ನಿಜವಾದ ಹಿರಿಯ ಮೈಕೆಲ್ ಫ್ಯಾರಡೆಯ ಉಂಗುರ. ಫ್ಯಾರಡೆ ಕಮ್ಮಾರನ ಮಗ, ಪುಸ್ತಕದ ರಟ್ಟು ಕಟ್ಟುವ ಕೆಲಸ ಕಲಿತವರು. 1831ರ ಆಗಸ್ಟ್ 29ರಂದು ಅವರು ಆರು ಇಂಚು ಅಗಲದ ಕಬ್ಬಿಣದ ಬಳೆಯೊಂದರ ಎರಡು ಪಕ್ಕಕ್ಕೆ ತಾಮ್ರದ ತಂತಿಯ ಎರಡು ಸುರುಳಿ ಸುತ್ತಿದರು. ಆಗ ಪ್ಲಾಸ್ಟಿಕ್ ಹೊದಿಕೆಯ ತಂತಿ ಇರಲಿಲ್ಲ. ಸುತ್ತುಗಳು ಒಂದಕ್ಕೊಂದು ತಾಗದಂತೆ ನಡುವೆ ಹುರಿ ಹಾಗೂ ಕ್ಯಾಲಿಕೊ ಬಟ್ಟೆ ಇಟ್ಟರು. ನಮ್ಮ ಪಕ್ಕದ ಕಲ್ಲಿಕೋಟೆಯಿಂದ ಹೋಗುತ್ತಿದ್ದ ಹತ್ತಿಬಟ್ಟೆಗೆ ಆ ಊರಿಂದಲೇ ಕ್ಯಾಲಿಕೊ ಎಂಬ ಹೆಸರು ಬಂದಿತ್ತು. ಒಂದು ಸುರುಳಿಗೆ ಬ್ಯಾಟರಿ ತಾಗಿಸಿದ ಕ್ಷಣ ಇನ್ನೊಂದು ಸುರುಳಿಗೆ ಕಟ್ಟಿದ ಮುಳ್ಳು ಅಲುಗಿತು. ಬಿಡಿಸಿದ ಕ್ಷಣ ಮತ್ತೆ ಅಲುಗಿತು. ನಡುವೆ ಕರೆಂಟು ಒಂದೇ ಸಮ ಹರಿಯುತ್ತಿದ್ದಾಗ ಮುಳ್ಳಿಗೆ ಏನೂ ಆಗಲಿಲ್ಲ. ಬದಲಾವಣೆ ಇದ್ದಾಗ ಮಾತ್ರ ಉಂಗುರ ಒಂದು ಸುರುಳಿಯ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುತ್ತದೆ.

ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೊಯ್ದಾಡುತ್ತದೆ. ಅಲ್ಲಿ ಬದಲಾವಣೆ ನಿರಂತರ. ಹಾಗಾಗಿ ಫ್ಯಾರಡೆಯ ಉಂಗುರವನ್ನು ತಂತಿಯ ಸುತ್ತ ಇಟ್ಟರೆ ಸಾಕು, ತಂತಿಯನ್ನು ಕತ್ತರಿಸುವ, ಹೊದಿಕೆ ಸುಲಿಯುವ ಅಗತ್ಯವಿಲ್ಲ. ನಾನು ಕೊಂಡದ್ದು ಬಟ್ಟೆ ಒಣಹಾಕುವ ಕ್ಲಿಪ್ಪಿನಂತೆ ಬಾಯಿ ತೆರೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್. ಅದರೊಳಗೆ 2000 ಸುತ್ತಿನ ಸುರುಳಿ ಇದೆ. ಹಿಡಿದುಕೊಂಡ ತಂತಿಯಲ್ಲಿ 100 ಆಂಪಿಯರ್ ಹರಿದರೆ ಸುರುಳಿಯಲ್ಲಿ ಅದರ ಎರಡು ಸಾವಿರದ ಒಂದು ಪಾಲು, ಅಂದರೆ 50 ಮಿಲಿಆಂಪಿಯರ್. ಅದನ್ನು 33 ಓಮ್‌ನ ಒಂದು ರೆಸಿಸ್ಟರಿನ ಮೂಲಕ ಹಾಯಿಸಿದರೆ ಅಳೆಯಲು ಬರುವಂಥ ಸಣ್ಣ ವೋಲ್ಟೇಜು ಸಿಗುತ್ತದೆ. ಓಮ್ ಮಾಸ್ತರರ ನಿಯಮ ಇಲ್ಲಿ ಪ್ರತಿ ಸೆಕೆಂಡೂ ಕೆಲಸ ಮಾಡುತ್ತಿರುತ್ತದೆ. ಬ್ಯಾಟರಿ, ಸೋಲಾರ್ ಫಲಕಗಳ ಏಕಮುಖ ಕರೆಂಟಿಗೆ ಈ ಉಂಗುರ ನಡೆಯದು. ಅದಕ್ಕೆ 1879ರಲ್ಲಿ ಅಮೆರಿಕದ ಎಡ್ವಿನ್ ಹಾಲ್ ಚಿನ್ನದ ತೆಳುಹಾಳೆಯಲ್ಲಿ ಕಂಡುಕೊಂಡ ಪರಿಣಾಮವನ್ನು ಬಳಸುವ ಬೇರೆ ಸೆನ್ಸರ್ ಬೇಕು.

ವೋಲ್ಟೇಜನ್ನು ಅಂಕಿಯಾಗಿ ಮಾಡುವುದು ಆರ್ಡುಯಿನೋ ಎಂಬ ಪುಟ್ಟ ಬೋರ್ಡು. ಇದು 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ, ವಿನ್ಯಾಸ ಕಲಿಯುವ ವಿದ್ಯಾರ್ಥಿಗಳಿಗೆ ಅಗ್ಗವಾಗಿ ಸಿಗಲಿ ಎಂದು ಹುಟ್ಟಿತು. ಒಲಿವೆಟ್ಟಿ ಟೈಪ್‌ರೈಟರುಗಳ ತವರು ಕೂಡ ಅದೇ ಊರು. ವಿನ್ಯಾಸವನ್ನು ಯಾರು ಬೇಕಾದರೂ ನಕಲು ಮಾಡಬಹುದು ಎಂದು ಬಿಟ್ಟುಕೊಟ್ಟದ್ದರಿಂದ ಅದು ಹುಬ್ಬಳ್ಳಿಯ ಅಂಗಡಿಗೂ ಬಂತು. ಬೋರ್ಡು 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಭಾಗಿಸಿ ನೋಡುತ್ತದೆ. ಸೊನ್ನೆಗಿಂತ ಕೆಳಗಿನದು ಅದಕ್ಕೆ ಕಾಣುವುದಿಲ್ಲ. ಕರೆಂಟಿನ ಅಲೆ ಮಾತ್ರ ಸೊನ್ನೆಯ ಮೇಲೂ ಕೆಳಗೂ ಹೋಗುತ್ತದೆ. ಅದಕ್ಕಾಗಿ ಸಮನಾದ ಎರಡು ರೆಸಿಸ್ಟರ್ ಇಟ್ಟು, ಅಲೆಯನ್ನು ಎರಡೂವರೆ ವೋಲ್ಟಿನ ಎತ್ತರಕ್ಕೆ ಎತ್ತಿ ಕೂರಿಸಬೇಕು. ಸರಾಸರಿ ತೆಗೆದರೆ ಮೇಲಿನದೂ ಕೆಳಗಿನದೂ ಕಳೆದು ಸೊನ್ನೆಯಾಗುವುದರಿಂದ, ಪ್ರತಿ ಅಳತೆಯನ್ನೂ ವರ್ಗ ಮಾಡಿ, ಸರಾಸರಿ ತೆಗೆದು, ಮತ್ತೆ ವರ್ಗಮೂಲ ಹಿಡಿಯಬೇಕು. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗವನ್ನು ಅವಲಂಬಿಸಿದೆ. ಈ ಮಾತು ಮುಂದೆ ಗಿರಣಿಯಲ್ಲಿ ಉಪಯೋಗಕ್ಕೆ ಬರುತ್ತದೆ.

ಲೆಕ್ಕ ಹಾಕಿದರೆ ಒಂದು ಮೆಟ್ಟಿಲು ಸುಮಾರು 0.3 ಆಂಪಿಯರ್. ದೊಡ್ಡ ಮೋಟಾರಿಗೆ ಇದು ಸಾಕು. ಆದರೆ 60 ವ್ಯಾಟಿನ ಬಲ್ಬು ತೆಗೆದುಕೊಳ್ಳುವುದೇ 0.26 ಆಂಪಿಯರ್. ಇಂಥ ಸಣ್ಣ ಸಾಧನಗಳನ್ನು ಅಳೆಯುವಾಗ ಅದರ ಒಂದು ತಂತಿಯನ್ನು ಕ್ಲಿಪ್ಪಿನೊಳಗೆ ಐದು ಸಲ ಸುತ್ತಿ ಹಾಯಿಸುತ್ತೇನೆ. ಆಗ ಸೆನ್ಸರಿಗೆ ಐದು ಪಟ್ಟು ಕರೆಂಟು ಕಾಣುತ್ತದೆ. ಬಂದ ಅಂಕಿಯನ್ನು ಐದರಿಂದ ಭಾಗಿಸಿದರಾಯಿತು. 1820ರಲ್ಲಿ ಶ್ವೈಗರ್ ಮುಳ್ಳಿನ ಸುತ್ತ ಮಾಡಿದ್ದೂ ಇದನ್ನೇ.

ಸೆನ್ಸರ್ ಹಾಕುವಾಗ ನೆನಪಿಡಬೇಕಾದ ಒಂದು ಸಂಗತಿ ಇದೆ. ಕ್ಲಿಪ್ಪು ಫೇಸ್ ತಂತಿಯೊಂದನ್ನೇ ಹಿಡಿಯಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಅಂಕಿ ಸೊನ್ನೆ. ಹೋದಷ್ಟೇ ಕರೆಂಟು ಮರಳಿ ಬರುವುದರಿಂದ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಹಾಗೆ ಸೊನ್ನೆ ಬರದೆ ಹೋದರೆ ಎಲ್ಲಿಯೋ ಕರೆಂಟು ಸೋರುತ್ತಿದೆ ಎಂದು ತಿಳಿಯಬೇಕು. ಶಾಕ್ ಹೊಡೆಯುವ ಮೊದಲು ಲೈನು ಕಡಿಯುವ ಸುರಕ್ಷಾ ಸ್ವಿಚ್ಚುಗಳು ನಡೆಯುವುದೇ ಈ ತತ್ತ್ವದ ಮೇಲೆ. ಮುಖ್ಯ ಬೋರ್ಡಿನ ಮುಚ್ಚಳ ತೆಗೆಯುವ ಕೆಲಸವನ್ನು ನಾನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೇ ಬಿಟ್ಟೆ. ಓದಿ ಮಾಡಲು ಹೊರಡುವ ವಿದ್ಯಾರ್ಥಿಗಳಿಗೂ ಅದನ್ನೇ ಹೇಳುತ್ತೇನೆ.

ಅಳೆಯುವುದು ಒಂದು, ನೆನಪಿಡುವುದು ಇನ್ನೊಂದು. ಸಮುದ್ರದಡಿಯ ತಂತಿ ಟಪಾಲಿನ ಕಾಲದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು. 1858ರಲ್ಲಿ ಅಟ್ಲಾಂಟಿಕ್ ಕೇಬಲ್ಲಿನ ಕ್ಷೀಣ ಕರೆಂಟನ್ನು ಹಿಡಿಯಲು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, ಕನ್ನಡಿಯ ಗ್ಯಾಲ್ವನೋಮೀಟರ್ ಮಾಡಿದರು. ಕನ್ನಡಿಯಿಂದ ಚಿಮ್ಮಿದ ಬೆಳಕಿನ ಚುಕ್ಕಿ ಎಡಕ್ಕೆ ಬಲಕ್ಕೆ ಸರಿಯುತ್ತಿತ್ತು. ಒಬ್ಬ ಅದನ್ನೇ ದಿಟ್ಟಿಸಿ ಅಕ್ಷರ ಕೂಗಬೇಕು, ಇನ್ನೊಬ್ಬ ಬರೆದುಕೊಳ್ಳಬೇಕು. ಕಣ್ಣು ರೆಪ್ಪೆ ಬಡಿದರೆ ಅಕ್ಷರ ಹೋಯಿತು. 1867ರಲ್ಲಿ ಅದೇ ಥಾಮ್ಸನ್ ಸೈಫನ್ ರೆಕಾರ್ಡರ್ ಮಾಡಿದರು. ಕೂದಲಿನಷ್ಟು ಸಣ್ಣ ಗಾಜಿನ ಕೊಳವೆ ಓಡುವ ಕಾಗದದ ಪಟ್ಟಿಯ ಮೇಲೆ ತಾನೇ ಮಸಿಯ ಗೆರೆ ಎಳೆಯಿತು. ಅಲ್ಲಿಂದ ಕರೆಂಟಿಗೆ ಕಿರ್ದಿ ಸಿಕ್ಕಿತು ಎನ್ನಬಹುದು. ನನ್ನ ಡಬ್ಬಿಯಲ್ಲಿ ಮಸಿಯ ಬದಲು ಮೆಮೊರಿ ಕಾರ್ಡ್ ಇದೆ. ಅದರ ಜೊತೆ, ಲೈಟು ಹೋದರೂ ವೇಳೆ ತಪ್ಪದಂತೆ ಗುಂಡಿ ಸೆಲ್ಲಿನ ಮೇಲೆ ನಡೆಯುವ ಒಂದು ಗಡಿಯಾರದ ಚಿಪ್ಪು. ತಾರೀಖು, ತಾಸು, ನಿಮಿಷ, ಸೆಕೆಂಡು, ಆಂಪಿಯರ್ ಇಷ್ಟೇ ಒಂದು ಸಾಲು. ದಿನಕ್ಕೆ 86,400 ಸಾಲು.

ವಿದ್ಯುತ್ತನ್ನು ಮಾರುವವರ ಇತಿಹಾಸ ಬೇರೆ ದಾರಿ ಹಿಡಿಯಿತು. 1882ರಲ್ಲಿ ನ್ಯೂಯಾರ್ಕಿನಲ್ಲಿ ಕರೆಂಟು ಮಾರಲು ಶುರುಮಾಡಿದ ಎಡಿಸನ್ ಬಳಸಿದ ಮೀಟರು ಒಂದು ರಾಸಾಯನಿಕ ಪಾತ್ರೆ. ಸತುವಿನ ದ್ರಾವಣದಲ್ಲಿ ಸತುವಿನ ಎರಡು ತಗಡು. ಕರೆಂಟು ಹರಿದಷ್ಟೂ ಒಂದು ತಗಡಿನಿಂದ ಸತು ಬಿಟ್ಟು ಇನ್ನೊಂದಕ್ಕೆ ಕೂಡುತ್ತದೆ. ತಿಂಗಳಿಗೊಮ್ಮೆ ಕಂಪನಿಯವರು ಬಂದು ತಗಡು ಒಯ್ದು, ತೂಕ ಮಾಡಿ ಬಿಲ್ಲು ಬರೆಯುತ್ತಿದ್ದರು. ತತ್ತ್ವ ಸರಿಯಾಗಿಯೇ ಇತ್ತು. ಆದರೆ ಗಿರಾಕಿಗೆ ತನ್ನ ಮನೆಯ ಮೀಟರನ್ನು ಓದುವ ದಾರಿಯೇ ಇರಲಿಲ್ಲ. ತೂಗುವ ತಕ್ಕಡಿ ಮಾರುವವನ ಮನೆಯಲ್ಲಿತ್ತು. 1889ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಒಟ್ಟೊ ಬ್ಲಾಥಿ ಪರಿವರ್ತಕ ಕರೆಂಟಿಗೆ ತಿರುಗುವ ತಟ್ಟೆಯ ಮೀಟರು ಮಾಡಿದರು. 1885ರಲ್ಲಿ ಮುಚ್ಚಿದ ಉಂಗುರದ ಟ್ರಾನ್ಸ್‌ಫಾರ್ಮರ್ ಮಾಡಿದ ಮೂವರಲ್ಲಿಯೂ ಅವರೊಬ್ಬರು. ತಟ್ಟೆ ತಿರುಗಿ ಅಂಕಿ ಮುಂದಕ್ಕೆ ಸರಿಯುವುದು ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ಅದೇ ವಂಶದ ಮೀಟರುಗಳು ನೂರಕ್ಕೂ ಹೆಚ್ಚು ವರ್ಷ ಜಗತ್ತಿನ ಗೋಡೆಗಳ ಮೇಲೆ ತಿರುಗಿದವು. ಗಿರಾಕಿಗೆ ಖತಾವಣಿ ಓದಲು ಬಂತು, ಕಿರ್ದಿ ಮಾತ್ರ ಆಗಲೂ ಸಿಗಲಿಲ್ಲ.

ನಮ್ಮ ನಾಡಿನಲ್ಲಿ ವಿದ್ಯುತ್ ಮಾರಾಟ ಶುರುವಾದದ್ದು ಯೂನಿಟ್ಟಿನಿಂದಲೂ ಅಲ್ಲ, ಕುದುರೆಶಕ್ತಿಯಿಂದ. 1902ರ ಜೂನ್ 30ರಂದು ಶಿವನಸಮುದ್ರದಿಂದ 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಗಣಿ ಕಂಪನಿಗಳೊಂದಿಗಿನ ಕರಾರು ವರ್ಷಕ್ಕೆ, ಕುದುರೆಶಕ್ತಿಯೊಂದಕ್ಕೆ ಇಷ್ಟು ಎಂದಿತ್ತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದಾಗ ಹುಬ್ಬಳ್ಳಿ, ಧಾರವಾಡಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. 1956ರ ಏಕೀಕರಣದ ನಂತರ, 1957ರಲ್ಲಿ ರಾಜ್ಯಕ್ಕೆ ವಿದ್ಯುತ್ ಮಂಡಳಿ ಬಂತು. ಮಂಡಳಿ ಹೋಗಿ 1999ರಲ್ಲಿ ಪ್ರಸರಣ ನಿಗಮ ಆಯಿತು. 2002ರ ಜೂನ್‌ನಲ್ಲಿ ವಿತರಣೆ ಬೇರೆಯಾಗಿ ಏಳು ಜಿಲ್ಲೆಗಳ ಹೆಸ್ಕಾಂ ಹುಬ್ಬಳ್ಳಿಯಲ್ಲಿ ನೆಲೆ ಕಂಡಿತು. ಕುದುರೆಶಕ್ತಿಯ ಲೆಕ್ಕ ಮಾತ್ರ ಹೊಲದಲ್ಲಿ ಉಳಿದುಕೊಂಡಿತು. ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ, ಬಹಳಷ್ಟಕ್ಕೆ ಮೀಟರೂ ಇಲ್ಲ. ಎಷ್ಟು ಬಳಕೆಯಾಯಿತು ಎಂಬುದನ್ನು ಫೀಡರಿನ ಅಂಕಿಯಿಂದ ಅಂದಾಜು ಕಟ್ಟುತ್ತಾರೆ. ಮೀಟರಿಲ್ಲದೆ ವಿದ್ಯುತ್ ಕೊಡಬಾರದು ಎಂದು 2003ರ ವಿದ್ಯುತ್ ಕಾಯ್ದೆಯ 55ನೇ ಕಲಮು ಹೇಳಿದರೂ ಹೊಲದ ಖತಾವಣಿ ಇಂದಿಗೂ ಅಂದಾಜಿನದೇ.

ಮನೆಗಳಲ್ಲಿ ಯೂನಿಟ್ಟಿನ ಬಗ್ಗೆ ಹೊಸ ಆಸಕ್ತಿ ಹುಟ್ಟಿದ್ದು 2023ರ ಜುಲೈಯಲ್ಲಿ ಗೃಹಜ್ಯೋತಿ ಬಂದಾಗ. ಹಿಂದಿನ ಹಣಕಾಸು ವರ್ಷದ ತಿಂಗಳ ಸರಾಸರಿ, ಅದರ ಮೇಲೆ ನೂರಕ್ಕೆ ಹತ್ತು, ಒಟ್ಟು 200 ಯೂನಿಟ್ ಮೀರಬಾರದು ಎಂಬ ಲೆಕ್ಕ ಎಲ್ಲರ ಬಾಯಲ್ಲಿತ್ತು. “ಇವತ್ತ ಎಷ್ಟ ಸುಟ್ಟೈತಿ?” ಎಂಬ ಪ್ರಶ್ನೆ ಮನೆಮನೆಯಲ್ಲಿ ಎದ್ದಿತು. ಅದಕ್ಕೆ ಡಬ್ಬಿ ಇಲ್ಲದವರೂ ಉತ್ತರ ಕಂಡುಕೊಳ್ಳಬಹುದು. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲಿ ಯೂನಿಟ್ಟಿಗೆ 3200 ಎಂದು ಬರೆದಿದ್ದರೆ, 3200 ಸಲ ಮಿನುಗಿದಾಗ ಒಂದು ಯೂನಿಟ್. ಎರಡು ಮಿನುಗುಗಳ ನಡುವಿನ ಸೆಕೆಂಡಿನಿಂದ 1125ನ್ನು ಭಾಗಿಸಿದರೆ ಆ ಹೊತ್ತಿನಲ್ಲಿ ಮನೆ ಎಷ್ಟು ವ್ಯಾಟ್ ಎಳೆಯುತ್ತಿದೆ ಎಂದು ಸಿಗುತ್ತದೆ. ಹತ್ತು ಸೆಕೆಂಡಿಗೊಮ್ಮೆ ಮಿನುಗಿದರೆ ಸುಮಾರು 112 ವ್ಯಾಟ್.

ಡಬ್ಬಿಯನ್ನು ಮೊದಲು ನಮ್ಮ ಮನೆಯಲ್ಲಿಯೇ ಹಚ್ಚಿದೆ. ವಾರ ಕಳೆದು ಗೆರೆ ಎಳೆದು ನೋಡಿದಾಗ ಮನೆಯ ದಿನಚರಿ ಕಂಡಿತು. ಫ್ರಿಜ್ಜು ಹತ್ತಿ ಆರುವ ಹಲ್ಲುಹಲ್ಲಿನ ಸಾಲು, ಬೆಳಗಿನ ಮಿಕ್ಸರ್, ಸಂಜೆಯ ಇಸ್ತ್ರಿ. ಇವುಗಳ ನಡುವೆ ಒಂದು ರಾತ್ರಿ ಎರಡು ಗಂಟೆಗೆ ಎದ್ದ ಒಂದು ಗೋಡೆಯಂಥ ಗೆರೆ, ನಲವತ್ತು ನಿಮಿಷ. ಅದು ನೆಲದ ಟಾಕಿಯಿಂದ ಮೇಲಕ್ಕೆ ನೀರೆತ್ತುವ ಮೋಟಾರು. ಹುಬ್ಬಳ್ಳಿ-ಧಾರವಾಡದ ಬಹಳಷ್ಟು ಓಣಿಗಳಿಗೆ ಮಲಪ್ರಭೆಯ ನೀರು ಕೆಲವು ದಿನಗಳಿಗೊಮ್ಮೆ ಬರುತ್ತದೆ, ಬರುವ ವೇಳೆ ಯಾವುದೆಂದು ಹೇಳಲಾಗದು. ವಿದ್ಯುತ್ತಿನ ಕಿರ್ದಿಯಲ್ಲಿ ಹೀಗೆ ನೀರಿನ ಇತಿಹಾಸವೂ ಬಂದು ಕೂತಿತ್ತು. ಗೆರೆಯನ್ನು ಅವ್ವನಿಗೆ ತೋರಿಸಿದೆ. ನೋಡಿ ನಕ್ಕಳು. “ನಳಾ ಬಂತಂತ ಎದ್ದಕಿ ನಾನು, ಬರಕೊಂಡದ್ದು ನಿನ್ನ ಡಬ್ಬಿ,” ಅಂದಳು. ಯಂತ್ರ ಬರೆದಿಟ್ಟದ್ದು ಮೋಟಾರಿನ ನಲವತ್ತು ನಿಮಿಷ. ಅವಳ ನಿದ್ದೆಗೆಟ್ಟ ತಾಸುಗಳಿಗೆ ಅದರಲ್ಲಿ ಕಲಮು ಇರಲಿಲ್ಲ.

ಇಷ್ಟೆಲ್ಲ ಹೇಳುವ ಕಿರ್ದಿ ಬೇರೆಯವರ ಕೈಗೆ ಹೋದರೆ ಏನಾದೀತು ಎಂಬ ಯೋಚನೆ ಹೊಸತಲ್ಲ. 1980ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾರ್ಜ್ ಹಾರ್ಟ್ ಎಂಬವರು, ಮನೆಗೆ ಬರುವ ಒಟ್ಟು ವಿದ್ಯುತ್ತಿನ ಏರಿಳಿತ ನೋಡಿಯೇ ಒಳಗೆ ಯಾವ ಯಾವ ಸಾಧನ ನಡೆಯುತ್ತಿದೆ ಎಂದು ಗುರುತಿಸುವ ವಿಧಾನ ರೂಪಿಸಿದರು. ಇದರಿಂದ ಜನರ ಮೇಲೆ ಕಣ್ಣಿಡಲೂ ಬರುತ್ತದೆ ಎಂದು 1989ರಲ್ಲಿ ಲೇಖನ ಬರೆದು ಎಚ್ಚರಿಸಿದವರೂ ಅವರೇ. ಮನೆಯವರು ಯಾವಾಗ ಮಲಗುತ್ತಾರೆ, ಯಾವಾಗ ಊರಿಗೆ ಹೋಗಿದ್ದಾರೆ ಎಂಬುದು ಗೆರೆಯಲ್ಲಿ ಓದಲು ಬರುತ್ತದೆ. ಈಗ ಬರುತ್ತಿರುವ ಸ್ಮಾರ್ಟ್ ಮೀಟರುಗಳು ಅರ್ಧ ತಾಸಿಗೋ ಕಾಲು ತಾಸಿಗೋ ಒಮ್ಮೆ ಅಂಕಿ ಬರೆದಿಡುತ್ತವೆ. ಅಂದರೆ ಮೀಟರಿಗೂ ಕಿರ್ದಿ ಬಂದಿದೆ. ಜವಳಿ ಸಾಲಿನ ವ್ಯಾಪಾರಿ ತನ್ನ ಕಿರ್ದಿಯನ್ನು ಯಾರಿಗೂ ಸುಮ್ಮನೆ ತೋರಿಸುತ್ತಿರಲಿಲ್ಲ. ಆದರೆ ತನ್ನ ಹತ್ತಿರ ಒಂದು ಕಿರ್ದಿ ಇಲ್ಲದೆ ಇನ್ನೊಬ್ಬನ ಕಿರ್ದಿಯನ್ನು ನಂಬಿ ವ್ಯವಹಾರವನ್ನೂ ಮಾಡುತ್ತಿರಲಿಲ್ಲ.

ಗಿರಣಿಗೆ ಡಬ್ಬಿ ಒಯ್ದಾಗ ಮಾಲಕರು, ನಾವೆಲ್ಲ ಕಾಕಾ ಎಂದು ಕರೆಯುವವರು, ಮೊದಲು ಕೇಳಿದ್ದೇ ಸರಿಯಾದ ಪ್ರಶ್ನೆ. “ನಿಮ್ಮ ಡಬ್ಬಿ ಖರೇ ಹೇಳತೈತಿ ಅಂತ ಯಾರ ಹೇಳ್ಯಾರ್ರೀ ಸರ್ರ?”

ಜಗತ್ತಿನ ವಿದ್ವಾಂಸರೂ ಈ ಪ್ರಶ್ನೆಯ ಹಿಂದೆ ಬಹಳ ವರ್ಷ ಓಡಾಡಿದ್ದಾರೆ. 1881ರ ಪ್ಯಾರಿಸ್ ಸಮ್ಮೇಳನ ಆಂಪಿಯರ್ ಎಂಬ ಹೆಸರನ್ನು ಒಪ್ಪಿಕೊಂಡಿತು. 1908ರ ಲಂಡನ್ ಸಮ್ಮೇಳನ, ಬೆಳ್ಳಿಯ ದ್ರಾವಣದಿಂದ ಸೆಕೆಂಡಿಗೆ 1.118 ಮಿಲಿಗ್ರಾಂ ಬೆಳ್ಳಿ ಕೂಡಿಸುವ ಕರೆಂಟೇ ಒಂದು ಆಂಪಿಯರ್ ಎಂದು ಗೊತ್ತುಮಾಡಿತು. ಎಡಿಸನ್ನನ ಸತುವಿನ ತಗಡಿನಂತೆಯೇ ತಕ್ಕಡಿಯ ಮೇಲೆ ತೂಗಿದ ಲೆಕ್ಕ. 1948ರಲ್ಲಿ ಅದು ಎರಡು ತಂತಿಗಳ ನಡುವಿನ ಸೆಳೆತವಾಯಿತು. 2019ರ ಮೇ 20ರಿಂದ ಎಲೆಕ್ಟ್ರಾನಿನ ವಿದ್ಯುದಂಶಕ್ಕೆ ಒಂದು ನಿಶ್ಚಿತ ಬೆಲೆ ಕೊಟ್ಟು ಆಂಪಿಯರನ್ನು ಅದರ ಮೇಲೆ ನಿಲ್ಲಿಸಿದ್ದಾರೆ. ಗಿರಣಿಯಲ್ಲಿ ನಮಗೆ ಬೆಳ್ಳಿಯೂ ಬೇಕಿರಲಿಲ್ಲ, ಎಲೆಕ್ಟ್ರಾನೂ ಬೇಕಿರಲಿಲ್ಲ. ಎಲೆಕ್ಟ್ರಿಷಿಯನ್ ತನ್ನ ಕ್ಲ್ಯಾಂಪ್ ಮೀಟರನ್ನು ಅದೇ ತಂತಿಗೆ ಹಿಡಿದ. ಮನೆಯಿಂದ ತಂದ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಹಚ್ಚಿ ನೋಡಿದೆವು. ಮೂರು ಸಾಕ್ಷಿಗಳ ಮಾತು ಒಂದಕ್ಕೊಂದು ಹತ್ತಿರ ಬಂದ ಮೇಲೆ ಕಾಕಾ ಒಪ್ಪಿದರು. ಇದು ಕರೆಂಟನ್ನಷ್ಟೇ ಅಳೆಯುತ್ತದೆ, ವೋಲ್ಟೇಜು ಸೇರಿಸಿ ಯೂನಿಟ್ ಲೆಕ್ಕ ಹಾಕುವುದಿಲ್ಲ, ಬಿಲ್ಲಿನ ತಕರಾರಿಗೆ ನಡೆಯುವುದಿಲ್ಲ ಎಂದೂ ಹೇಳಿದೆ.

ಮೂರು ಫೇಸಿಗೆ ಮೂರು ಕ್ಲಿಪ್ಪು ಹಾಕಿ ಡಬ್ಬಿಯನ್ನು ಗೋಡೆಗೆ ತೂಗುಬಿಟ್ಟೆವು. ಹದಿನೆಂಟು ದಿನ ವಿಶೇಷ ಏನೂ ಕಾಣಲಿಲ್ಲ. ಜೋಳ ಬೀಸುವಾಗ ಮೂರೂ ಗೆರೆಗಳು 9 ಆಂಪಿಯರಿನ ಆಸುಪಾಸಿನಲ್ಲಿ ಜೊತೆಯಾಗಿ ಏರಿ ಜೊತೆಯಾಗಿ ಇಳಿಯುತ್ತಿದ್ದವು. ಹುಡುಗ ತುಂಬ ಹಾಕಿದ್ದರೆ ಮೂರೂ ಒಟ್ಟಿಗೆ ಮೇಲೇರಬೇಕು. ಹತ್ತೊಂಬತ್ತನೇ ದಿನದ ಮಧ್ಯಾಹ್ನ ಒಂದು ಗೆರೆ ಸೊನ್ನೆಗೆ ಬಿತ್ತು. ಉಳಿದೆರಡು ಅದೇ ಕ್ಷಣ 15ರ ಮೇಲಕ್ಕೆ ಜಿಗಿದವು. ಮೋಟಾರು ಮೂರು ಕಾಲಿನ ಬದಲು ಎರಡು ಕಾಲಿನ ಮೇಲೆ ಓಡತೊಡಗಿತ್ತು. ಇಂಥ ಹೊತ್ತಿನಲ್ಲಿ ಉಳಿದ ಎರಡು ಫೇಸುಗಳ ಕರೆಂಟು ಸುಮಾರು 1.73 ಪಟ್ಟು ಆಗುತ್ತದೆ. ಬಿಸಿ ಕರೆಂಟಿನ ವರ್ಗದಷ್ಟು ಎಂದಮೇಲೆ ಆ ಸುರುಳಿಗಳಲ್ಲಿ ಬಿಸಿ ಮೂರು ಪಟ್ಟು. ತಡೆಯಬೇಕಾದ ರಿಲೇಯನ್ನು ಎಂದೋ ಯಾರೋ ಹೆಚ್ಚಿನ ಅಂಕಿಗೆ ತಿರುವಿಟ್ಟಿದ್ದರು. ಸ್ಟಾರ್ಟರ್ ಬಿಚ್ಚಿದಾಗ ಒಂದು ಫೇಸಿನ ಕಾಂಟ್ಯಾಕ್ಟ್ ಕರಿದಾಗಿ ತಿಂದುಹೋಗಿತ್ತು. ಬಿಸಿಯಾದಾಗ ಬಿಡುವುದು, ತಣ್ಣಗಾದಾಗ ಕೂಡುವುದು ಅದರ ಚಾಳಿ. ಜೋಳ ಸುರಿದ ಕೈ ಇದರಲ್ಲಿ ಎಲ್ಲಿಯೂ ಇರಲಿಲ್ಲ.

ಗೆರೆಯಲ್ಲಿ ಇನ್ನೊಂದು ಸಂಗತಿ ಇತ್ತು. ಒಂದು ಫೇಸು ಬಿದ್ದ ಮೂವತ್ತೆಂಟನೇ ಸೆಕೆಂಡಿಗೆ ಮೂರೂ ಸೊನ್ನೆ. ಯಾರೋ ಮೋಟಾರು ಬಂದ್ ಮಾಡಿದ್ದರು. ಯಾರು ಎಂದು ಕೇಳಿದೆ. “ಆವಾಜ ಬ್ಯಾರೆ ಬಂತರೀ ಅಣ್ಣಾರ. ಎಮ್ಮಿ ಮುಕ್ಕರಿಸಿದಂಗ. ಅದಕ್ಕ ಬಟನ್ ಒತ್ತಿದ್ನಿ,” ಅಂದ ಹುಡುಗ. ಹಿಂದೆ ಎರಡು ಸಲವೂ ಮೋಟಾರು ಸುಟ್ಟಾಗ ಅವನು ಊಟಕ್ಕೆ ಹೋಗಿದ್ದನಂತೆ. ಆ ಮಾತನ್ನು ಆಗಲೂ ಹೇಳಿದ್ದ, ಯಾರೂ ಕಿವಿಗೊಟ್ಟಿರಲಿಲ್ಲ.

ಕಾಕಾ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ರಿಲೇಯನ್ನು ಮೋಟಾರಿನ ತಗಡಿನ ಮೇಲಿರುವ ಅಂಕಿಗೆ ಇಡಿಸಿದರು, ಕಾಂಟ್ಯಾಕ್ಟ್ ಹೊಸದು ಹಾಕಿಸಿದರು. ಪಗಾರದಲ್ಲಿ ಅದಾಗಲೇ ಮುರಿದಿದ್ದ ಒಂದು ಕಂತಿನ ರೊಕ್ಕವನ್ನು ಶನಿವಾರ ಸಂತೆಯ ದಿನ ಮರಳಿ ಕೊಟ್ಟರು. ತಮ್ಮ ಅಂಗಡಿಯ ಕೆಂಪು ಬಟ್ಟೆಯ ಕಿರ್ದಿಯಲ್ಲಿ ಆ ತಾರೀಖಿನ ಕೆಳಗೆ ಹುಡುಗನ ಹೆಸರು ಬರೆದು, ಮೊತ್ತ ಬರೆದು, ಮುಂದೆ ‘ಮೋಟಾರ್ ಬಾಬತ್ತು, ತಪ್ಪಿಲ್ಲ’ ಎಂದು ಸೇರಿಸಿದರು.